ಬಲಗಡೆಗೆ ಹೋದ ಕೆಂಪು ಗೆರೆ

ನನ್ನದು ಸಂಶಯದ ಬುದ್ಧಿ. ನಾನೇ ಮೊದಲು ಹೇಳಿಬಿಡುತ್ತೇನೆ, ಇಲ್ಲದಿದ್ದರೆ ನಮ್ಮ ಮನೆಯವರು ಹೇಳುತ್ತಾರೆ. ಹಾಲಿನವನು ನಕ್ಕರೆ ಹಾಲಿಗೆ ನೀರು ಬಿದ್ದಿದೆ ಅಂತ ನನಗೆ ಅನಿಸುತ್ತದೆ. ನಗದಿದ್ದರೂ ಅನಿಸುತ್ತದೆ. ಅಂಥವಳು ಕಲಿಸುವ ಕೋಣೆಯ ತೊಲೆಗೆ ಸರ್ಕಾರದವರು ಒಂದು ಗಾಜಿನ ಕಣ್ಣು ತಂದು ನೇತುಹಾಕಿ, "ಇನ್ನು ಮುಂದೆ ನಿಮ್ಮ ಹುಡುಗರನ್ನು ಇದು ಅಳೆಯುತ್ತದೆ" ಅಂದರೆ, ನಾನು ಕೈಮುಗಿದು ಒಳ್ಳೇದಾಯ್ತು ಅನ್ನುತ್ತೇನೆಯೇ?

ಕೆಂಬಾವಿಕೊಪ್ಪದ ಗಂಡು ಮಕ್ಕಳ ಪ್ರಾಥಮಿಕ ಶಾಲೆಯಲ್ಲಿ ಐದನೇ ಇಯತ್ತೆಗೆ ಚಟುವಟಿಕೆ ಮತ್ತು ತಂತ್ರಜ್ಞಾನ ಕಲಿಸುವವಳು ನಾನು. ಹೆಸರು ನೀಲಗಂಗಾ. ಹುಡುಗರಿಗೆ ಬರೀ ಅಕ್ಕೋರು. ನಮ್ಮ ಕಡೆ ಕಲಿಸುವ ಹೆಣ್ಣುಮಗಳನ್ನು ಕರೆಯುವುದೇ ಹಾಗೆ. ಅದೇ ಇಯತ್ತೆಯಲ್ಲಿ ನನ್ನ ಮಗ ಮುತ್ತಣ್ಣನೂ ಇದ್ದ. ಶಾಲೆಯ ಗೇಟಿನ ಒಳಗೆ ನಾನು ಅವನಿಗೂ ಅಕ್ಕೋರು, ಗೇಟು ದಾಟಿದ ಮೇಲೆ ಅವ್ವ. ಈ ಕರಾರನ್ನು ಅವನು ಒಂದು ಸಲವೂ ಮುರಿದವನಲ್ಲ. ಬಿದ್ದು ಮೊಣಕಾಲು ಕೆತ್ತಿಕೊಂಡಾಗಲೂ "ಅಕ್ಕೋರ, ರಕ್ತ ಬರಾಕತ್ತೈತ್ರಿ" ಅಂತಲೇ ಅಳುತ್ತ ಬಂದಿದ್ದ.

ಈ ಕಣ್ಣಿನ ವಿಷಯ ಹೇಳಬೇಕು. ತೆಂಗಿನಕಾಯಿ ಗಾತ್ರದ್ದು, ಕಪ್ಪು ಗಾಜಿನದು. ಅದರ ಕೆಳಗೆ ನಮ್ಮ ಚಟುವಟಿಕೆ ಮೇಜುಗಳು, ಮೇಜಿನ ಮೇಲೆ ರಬ್ಬರಿನ ಹಾಸು. ಹುಡುಗರು ಬ್ಯಾಟರಿ, ತಂತಿ, ರಟ್ಟು, ಪುಟ್ಟ ಗಾಲಿ ಇಟ್ಟುಕೊಂಡು ಏನಾದರೂ ಕಟ್ಟುವಾಗ ಹಾಸು ಅವರ ಬೆರಳನ್ನು ಓದುತ್ತದೆ, ಯಾವ ಬೆರಳು ಎಲ್ಲಿ ತಡವರಿಸಿತು ಅಂತ. ಗಾಜು ಅವರ ನೋಟವನ್ನು ಓದುತ್ತದೆ, ಯಾವ ಗಳಿಗೆಯಲ್ಲಿ ಎತ್ತ ನೋಡಿದ ಅಂತ. ಎರಡನ್ನೂ ಕೂಡಿಸಿ, ಹುಡುಗ ಮುಂದೆ ಏನಾಗಲು ಲಾಯಕ್ಕು ಅಂತ ತೀರ್ಪು ಕೊಡುತ್ತದೆ. ಮೂರೇ ಸಾಲು. ಕಟ್ಟುವವರು, ನಡೆಸುವವರು, ನೆರವಿನವರು. ಕಟ್ಟುವವರ ಸಾಲು ಸಿಕ್ಕವನಿಗೆ ಆರನೇ ಇಯತ್ತೆಯಿಂದ ತಾಲ್ಲೂಕಿನ ಯಂತ್ರಶಾಲೆ, ಖರೇ ಖರೇ ಯಂತ್ರಗಳು. ನಡೆಸುವವನಿಗೆ ಕಟ್ಟಿದ್ದನ್ನು ಓಡಿಸುವ ಪಾಠ. ನೆರವಿನವನಿಗೆ ಹೊರುವುದು, ಜೋಡಿಸುವುದು, ಮುಟ್ಟಿಸುವುದು. ಆಮೇಲೆ ಅವನು ಚಟುವಟಿಕೆ ಕೋಣೆಯ ಹೊಸ್ತಿಲು ತುಳಿಯುವಂತಿಲ್ಲ. ಹತ್ತು ವರ್ಷದ ಕೂಸಿಗೆ ಇಂಥ ತೀರ್ಪು ನೋಡ್ರಿ!

ಊರಿನ ತಾಯಂದಿರೂ ನನ್ನಂಥವರೇ. ಕಣ್ಣು ಅಂದ ಮೇಲೆ ದೃಷ್ಟಿ ತಾಗದೆ ಇರುತ್ತದೆಯೇ ಅಂತ, ಅಳತೆಯ ದಿನ ಐದನೇ ಇಯತ್ತೆಯ ಹುಡುಗರನ್ನೆಲ್ಲ ಕೂಸುಗಳ ಹಾಗೆ ಕೆನ್ನೆಗೆ ಕಾಡಿಗೆ ಬೊಟ್ಟಿಟ್ಟು ಕಳಿಸಿದರು. ಹುಡುಗರಿಗೆ ನಾಚಿಕೆಯೋ ನಾಚಿಕೆ. ನಾನು ಮಾತ್ರ ಮುತ್ತುವಿಗೆ ಬೊಟ್ಟಿಡಲಿಲ್ಲ. ತಂತ್ರಜ್ಞಾನ ಕಲಿಸುವವಳು, ನಾಲ್ಕು ಮಂದಿ ಏನಂದಾರು?

ಆಷಾಢದಲ್ಲಿ ಮೊದಲ ಅಳತೆ ಆಯಿತು. ಕೊಟ್ಟ ಕೆಲಸ ರಟ್ಟಿನ ಸೇತುವೆ. ಮೇಲೆ ಬಂಡಿ ದಾಟಿದರೆ ಕೆಳಗಿನ ದೀಪ ಹತ್ತಬೇಕು. ನಮ್ಮ ಹುಡುಗರಿಗೆ ಇದು ನೀರು ಕುಡಿದಷ್ಟು ಸಲೀಸು. ಆ ಕೋಣೆಯಲ್ಲಿ ಅವರದೇ ಒಂದು ಪದ್ಧತಿ ಇತ್ತು. ಬಿಸಿಯೂಟದ ಪಂಕ್ತಿಯಿಂದ ತಂದದ್ದು. ನಮ್ಮ ಹೆಡ್ ಮಾಸ್ತರು ಹಿರೇಮಠ ಸರ್ ಊಟದ ಪಂಕ್ತಿಯ ವಿಷಯದಲ್ಲಿ ಭಾಳ ಕಟ್ಟುನಿಟ್ಟು. ಕೊನೆಯ ತಟ್ಟೆಗೆ ಅನ್ನ ಬೀಳುವ ತನಕ ಮೊದಲ ತಟ್ಟೆಯವನು ಕೈ ತೊಡೆಯ ಮೇಲಿಟ್ಟು ಕೂತಿರಬೇಕು. ಕೊನೆಯವನು ಉಂಡು ಮುಗಿಸುವ ತನಕ ಯಾರೂ ಏಳಬಾರದು. ಈ ಅಭ್ಯಾಸ ಹುಡುಗರ ಮೈಗೆ ಹತ್ತಿ, ಕೋಣೆಯಲ್ಲೂ ಅದನ್ನೇ ನಡೆಸಿದ್ದರು. ಎಲ್ಲ ಮುಗಿಸಿ, ಕೊನೆಯ ತಂತಿ ಕೂಡಿಸುವುದೊಂದು ಬಾಕಿ ಇಟ್ಟು ಕಾಯುತ್ತಿದ್ದರು. ಎಲ್ಲರದೂ ಅಲ್ಲಿಗೆ ಬಂತು ಅಂದಾಗ ಒಟ್ಟಿಗೇ ಕೂಡಿಸಿ, ಕೋಣೆ ತುಂಬ ದೀಪ ಹತ್ತಿಸಿ, "ಹೋ" ಅಂತ ಹೆಂಚು ಹಾರುವ ಹಾಗೆ ಕೂಗುವುದು. ನಾನು ಎಷ್ಟು ಸಲ ಗದರಿಸಿದ್ದೇನೋ. ಆದರೆ ಆ ಒಂದು ಗಳಿಗೆಗಾಗಿ ನಾನೂ ಕಾಯುತ್ತಿದ್ದೆ, ಸುಳ್ಳೇಕೆ ಹೇಳಲಿ.

ತೀರ್ಪು ಬಂತು. ಮುತ್ತು ನೆರವಿನ ಸಾಲಿಗೆ.

ನಮ್ಮ ಮನೆಯವರದು ಹಿಟ್ಟಿನ ಗಿರಣಿ. ಮುತ್ತು ಆ ಗಿರಣಿಯ ಸದ್ದಿನಲ್ಲೇ ಬೆಳೆದವನು. ಗಿರಣಿ ತಿರುಗಿಸುವ ಪಟ್ಟಿ ಜಾರುವ ಮೊದಲೇ ಗಂಟೆ ಬಾರಿಸುವ ಒಂದು ಜೋಡಣೆಯನ್ನು ಹಳೇ ಸೈಕಲ್ ಗಂಟೆಯಿಂದ ತಾನೇ ಮಾಡಿ ಕೂಡಿಸಿದ್ದ. ಅವನ ಹತ್ತಿರ ಒಂದು ಬಿಸ್ಕೀಟಿನ ಡಬ್ಬಿ ಇತ್ತು, ಅದರ ತುಂಬ ಸ್ಕ್ರೂ, ಸ್ಪ್ರಿಂಗು, ಸುಟ್ಟ ಮೋಟಾರು. ಮಲಗುವಾಗ ಅದು ಅವನ ತಲೆದಿಂಬಿನ ಪಕ್ಕ ಇರಬೇಕು. ಅವತ್ತು ಸಂಜೆ ಅವನು ಅಳಲಿಲ್ಲ, ಸಿಟ್ಟಾಗಲಿಲ್ಲ. ಡಬ್ಬಿಯನ್ನು ಮಂಚದ ಕೆಳಗೆ ಗೋಡೆಯ ತನಕ ದಬ್ಬಿ ಬಂದು ಉಣ್ಣಲು ಕೂತ. ಅಪ್ಪನ ತಟ್ಟೆಗೆ ರೊಟ್ಟಿ ಬೀಳುವ ತನಕ ಎಂದಿನ ಹಾಗೆ ಕೈ ತೊಡೆಯ ಮೇಲೆ ಇಟ್ಟುಕೊಂಡಿದ್ದ.

"ಯಂತ್ರಕ್ಕೇನ ಗೊತ್ತಾಗ್ತೈತಿ ಬಿಡು" ಅಂದರು ನಮ್ಮ ಮನೆಯವರು.

"ಯಂತ್ರಕ್ಕ ಗೊತ್ತಿಲ್ಲದಿದ್ರ ಅದನ್ನ ಯಾಕ ತೂಗುಹಾಕ್ಯಾರ?" ಅಂದೆ ನಾನು. "ಇದರಾಗ ಏನೋ ಐತ್ರಿ. ನನ್ನ ಮಗನ ಬೆರಳು ನಾ ನೋಡೀನಿ. ಆ ಕಣ್ಣು ಏನೋ ಬ್ಯಾರೇನ ನೋಡಾಕತ್ತೈತಿ."

"ಆತು, ಇನ್ನ ಆ ಕಣ್ಣಿಗೂ ಸುಖಾ ಇಲ್ಲ" ಅಂತ ಅವರು ನಕ್ಕರು. ಮುತ್ತು ನಗಲಿಲ್ಲ.

ವರ್ಷಕ್ಕೆ ಮೂರು ಅಳತೆ, ಕೊನೆಯ ಎರಡು ಚಲೋ ಬಂದರೆ ಮೊದಲನೆಯದನ್ನು ಬಿಟ್ಟುಬಿಡುತ್ತಾರೆ. ಅದೊಂದೇ ಆಸೆ ಇಟ್ಟುಕೊಂಡು ಕೂತೆ. ನಡುವೆ ದಸರೆ ಬಂತು. ಖಂಡೇಪೂಜೆಗೆ ಗಿರಣಿ ತೊಳೆದು, ಮೋಟಾರಿಗೆ ವಿಭೂತಿ ಎಳೆದು, ಚೆಂಡುಹೂವಿನ ಮಾಲೆ ಹಾಕಿ ನಮ್ಮ ಮನೆಯವರು ಪೂಜೆ ಮಾಡಿದರು. ಶಾಲೆಯಲ್ಲೂ ಆಯಿತು. ಗಂಟೆ, ನೀರಿನ ಪಂಪು, ಕಂಪ್ಯೂಟರು, ಅಡಿಗೆಯ ಗ್ಯಾಸಿನ ಒಲೆ, ಯಾವುದನ್ನೂ ಬಿಡದೆ ಹಿರೇಮಠ ಸರ್ ಮಡಿಯಲ್ಲಿ ಪೂಜೆ ಮಾಡಿದರು. ಮಂಡಕ್ಕಿ, ಬೆಲ್ಲ, ಪುಟಾಣಿ ಹಂಚಿದೆವು. ನಾನೇ ಆರತಿ ಹಿಡಿದಿದ್ದೆ.

ದೀಪಾವಳಿ ಸೂಟಿ ಮುಗಿದ ಮೇಲೆ ಎರಡನೇ ಅಳತೆ. ಈ ಸಲ ನೀರೆತ್ತುವ ರಾಟೆ. ತೀರ್ಪು ಬಂದಾಗ ಇಡೀ ಶಾಲೆ ಬೆರಗಾಯಿತು. ಮುತ್ತು ಕಟ್ಟುವವರ ಸಾಲಿಗೆ. ಅವನ ಬಲಕ್ಕೆ ಕೂರುವ ದಾವಲನೂ ಕಟ್ಟುವವರ ಸಾಲಿಗೆ. ದಾವಲನ ಕೈ ನಿಧಾನ, ಸ್ಕ್ರೂ ತಿರುಗಿಸಲು ಹೋಗಿ ಸ್ಕ್ರೂ ಕಳೆದುಕೊಳ್ಳುವ ಹುಡುಗ. ಅವನ ಅಪ್ಪ ಸಂತೆಯಲ್ಲಿ ಹಣ್ಣು ಮಾರುವವನು, ಸುದ್ದಿ ಕೇಳಿ ಒಂದು ಬುಟ್ಟಿ ಪೇರಲ ತಂದು ಶಾಲೆಗೆಲ್ಲ ಹಂಚಿದ. ಒಬ್ಬರೂ ನೆರವಿನ ಸಾಲಿಗೆ ಬಿದ್ದಿರಲಿಲ್ಲ. ಹಿರೇಮಠ ಸರ್ ನನ್ನನ್ನು ಕರೆದು, "ನೀಲಗಂಗಾ ಅಕ್ಕೋರ, ನಿಮ್ಮ ಕೈಗುಣ" ಅಂದರು.

ಮುತ್ತು ಮಂಚದ ಕೆಳಗಿನಿಂದ ಡಬ್ಬಿ ಎಳೆದು, ಧೂಳು ಒರೆಸಿ, ಮತ್ತೆ ತಲೆದಿಂಬಿನ ಪಕ್ಕ ಇಟ್ಟುಕೊಂಡ. ಅದನ್ನು ನೋಡಿ ನನಗೆ ಆದ ಖುಷಿ ಅಷ್ಟಿಷ್ಟಲ್ಲ. ಆದರೆ ಖುಷಿ ಪೂರ್ತಿ ಗಂಟಲಿಳಿಯಲಿಲ್ಲ. ಎಲ್ಲರೂ? ಒಬ್ಬನೂ ತಪ್ಪದೆ? ಮೊದಲು ಹುಡುಗರ ಮೇಲೆ ಸಂಶಯ ಬಂತು, ಯಾವನೋ ಕಿಲಾಡಿ ಹಾಸಿನ ಕೆಳಗೆ ಏನಾದರೂ ಇಟ್ಟಿದ್ದಾನೋ ಅಂತ. ಹಾಸು ಎತ್ತಿ ನೋಡಿದೆ. ಎರಡು ಗೋಲಿ, ಒಂದು ಹುಣಸೆಬೀಜ. ಆಮೇಲೆ ನಮ್ಮ ಮನೆಯವರ ಮೇಲೆ.

"ಖರೇ ಹೇಳ್ರಿ, ಯಾರನ್ನಾರ ಕಂಡು ಮಾತಾಡಿ ಬಂದೀರೇನು?"

"ಯಾರನ್ನ?"

"ಆ ಕಣ್ಣಿನ ಲೆಕ್ಕಾ ಇಡೂ ಜಿಲ್ಲಾ ನಿಗಾ ಕೋಣಿಯವರನ್ನ."

"ನನಗ ಆ ಕೋಣಿ ಯಾವ ಓಣ್ಯಾಗೈತಿ ಅಂತ ಗೊತ್ತಿಲ್ಲ" ಅಂದರು ಅವರು. "ನೀಲಾ, ಮಗ ಗೆದ್ದಾನ. ಒಂದಿನಾರ ಸುಮ್ಮನ ಖುಷಿ ಪಡಬೇ."

ಖುಷಿ ಪಡುವಷ್ಟರಲ್ಲಿ ನಿಗಾ ಕೋಣೆಯಿಂದಲೇ ಫೋನು ಬಂತು. ಐದನೇ ಇಯತ್ತೆಯ ಅಕ್ಕೋರು ಬಂದು ಕಾಣಬೇಕು.

ಅಲ್ಲಿ ಚಪ್ಪಲಿ ಹೊರಗೆ ಬಿಟ್ಟು ಹೋಗಬೇಕು. ಒಳಗೆ ಎ.ಸಿ. ಗಾಳಿ, ಕಾಲಡಿ ತಣ್ಣಗಿನ ಕಲ್ಲು, ಗೋಡೆ ತುಂಬ ಪರದೆಗಳು. ಪರದೆಯ ಮೇಲೆ ಒಂದು ಮಗುವಿನ ಮುಖವೂ ಇಲ್ಲ. ಬರೀ ಗೆರೆಗಳು ಹರಿದಾಡುತ್ತಿದ್ದವು, ಬಿಳಿ ಮತ್ತು ಕೆಂಪು. ನಮ್ಮ ಶಾಲೆಗಳನ್ನು ನೋಡಿಕೊಳ್ಳುವ ಎಂಜಿನಿಯರು ಎದ್ದು ನಿಂತು ನಮಸ್ಕಾರ ಮಾಡಿದ. ರೇವಣಸಿದ್ಧ ಬಡಿಗೇರ ಅಂತ, ಮೀಸೆ ಈಗಷ್ಟೇ ದಪ್ಪಗಾಗುತ್ತಿದ್ದ ಹುಡುಗ.

"ಬರ್ರಿ ಅಕ್ಕೋರ, ಕುಂದರ್ರಿ. ಚಾ ತರಸ್ಲ್ಯಾ?"

ಚಹಾ ಕೇಳುವ ಅಧಿಕಾರಿಯ ಮೇಲೆ ನನಗೆ ಇನ್ನೂ ಹೆಚ್ಚು ಸಂಶಯ. ಬೇಡ ಅಂದೆ.

"ಮಕ್ಕಳ ಮುಖ ಕಣ್ಣಿನಿಂದ ಹೊರಗ ಬರೂದಿಲ್ರಿ, ಕಾಯ್ದೆ ಹಂಗೈತಿ" ಅಂತ ಅವನು ಶುರು ಮಾಡಿದ. "ನಮಗ ಬರೂದು ಗೆರಿ ಅಷ್ಟ. ಬಿಳೇದು ಕೈ, ಕೆಂಪಂದು ನೋಟ. ಇದು ಆಷಾಢದ ಅಳತಿ, ಇದು ಮೊನ್ನೀದು. ಕೈ ನೋಡ್ರಿ, ಎರಡೂ ಕಡೆ ಸರೀಕ ಸರಿ ಅದಾವ. ಈಗ ಕೆಂಪು ಗೆರಿ ನೋಡ್ರಿ."

ನೋಡಿದೆ. ಆಷಾಢದ ಪರದೆಯಲ್ಲಿ ಕೆಂಪು ಗೆರೆಗಳು ಅತ್ತಿಂದಿತ್ತ ಇತ್ತಿಂದತ್ತ ಓಡಾಡಿ, ಕೂಸು ಗೀಚಿದ ಪಾಟಿಯ ಹಾಗಿತ್ತು. ಮೊನ್ನೆಯದರಲ್ಲಿ ಒಂದೇ ಒಂದು ಕೆಂಪು ಗೆರೆ ಇಲ್ಲ.

"ಯಾರೂ ಎಲ್ಲೂ ನೋಡಿಲ್ಲ" ಅಂದ ಅವನು. "ಪಕ್ಕದವನ್ನ ನೋಡಿಲ್ಲ, ಕಿಟಕಿ ನೋಡಿಲ್ಲ, ನಿಮ್ಮನ್ನೂ ನೋಡಿಲ್ಲ. ಹಿಂಗಾಗಿ ಯಂತ್ರ ಎಲ್ಲಾರಿಗೂ ಏಕಾಗ್ರತಿಗೆ ಪೂರಾ ಅಂಕ ಕೊಟ್ಟೈತಿ. ಗಂಡುಹುಡುಗ್ರು, ಅಕ್ಕೋರ! ಕುಂತಲ್ಲೆ ಕುಂದರೂದಿಲ್ಲ. ಏನ್ ಮಾಡಿದ್ರಿ ಅವರಿಗೆ? ಏನಾರ ಔಷಧ ಗಿವ್ಷಧ..."

"ನಾಲಿಗೆ ಮ್ಯಾಲ ಹಿಡತ ಇರ್ಲೆಪ್ಪಾ" ಅಂದೆ. ಸಿಟ್ಟು ನೆತ್ತಿಗೇರಿತ್ತು. "ನನ್ನ ಮಗಾನೂ ಅಲ್ಲೇ ಕೂಡ್ತಾನ."

"ಅದಕ್ಕ ಕೇಳಬೇಕಾತ್ರಿ" ಅಂದ ಅವನು, ಮೆಲ್ಲಗೆ. "ಕೆನ್ನಿಗೆ ಕರೀ ಬೊಟ್ಟು ಹಚ್ಚಿ ಕಳಸ್ತಾರಂತ. ಆ ಬೊಟ್ಟಿನಾಗ ಏನರ ಹಿಕಮತ್ತು ಐತೇನ್ರಿ?"

"ಕಾಡಿಗಿ ಐತಿ."

ಅವನು ನಕ್ಕುಬಿಟ್ಟ. ನನಗೂ ತುಟಿಯಂಚಿಗೆ ನಗು ಬಂತು, ತಡೆದುಕೊಂಡೆ. ಆಮೇಲೆ ಮುತ್ತುವಿನ ಆಷಾಢದ ಗೆರೆ ತೋರಿಸು ಅಂದೆ. ನಿಯಮ ಇಲ್ಲ ಅಂದ. ನಾನು ಎದ್ದು ಹೋಗಲಿಲ್ಲ, ಮಾತೂ ಆಡಲಿಲ್ಲ. ಕೊನೆಗೆ ತೋರಿಸಿದ.

ಬಿಳಿ ಗೆರೆ ಸರಸರ ಓಡಿತು. ತಡವರಿಸಿದ್ದೇ ಇಲ್ಲ, ನನ್ನ ಮಗನ ಕೈ ಅಂತ ಹೆಸರಿಲ್ಲದೆ ಗುರುತು ಹಿಡಿಯಬಹುದಿತ್ತು. ಬೇರೆಯವರ ಗೆರೆಗಳು ಅರ್ಧ ದಾರಿಯಲ್ಲಿರುವಾಗ ಅದು ತುದಿಗೆ ಬಂದು ನಿಂತಿತು. ಕೊನೆಯ ತಂತಿ ಕೂಡಿಸುವುದೊಂದು ಬಾಕಿ. ಅಲ್ಲಿಂದ ಕೆಂಪು ಗೆರೆ ಶುರುವಾಯಿತು. ಬಲಗಡೆಗೆ ಹೋಗಿ ಬಂತು. ಮತ್ತೆ ಬಲಗಡೆಗೆ. ಮತ್ತೆ. ಎಷ್ಟು ಹೊತ್ತು ಅದು ಹಾಗೆ ಹೋಗಿ ಬಂದು ಮಾಡಿತೋ. ಬಲಗಡೆಯ ಬಿಳಿ ಗೆರೆ ಕುಂಟುತ್ತ ಕುಂಟುತ್ತ ತುದಿಗೆ ಬಂದು ಮುಟ್ಟಿತು. ಆಗ ನನ್ನ ಮಗನ ಕೈ ಅಲ್ಲಾಡಿತು, ತಂತಿ ಕೂಡಿತು.

ಬಲಗಡೆ ಕೂರುವವನು ದಾವಲ.

ನನಗೆ ಕಣ್ಣು ತುಂಬಿ ಬಂತು. "ಅಂವಾ ಕಾಯಾಕತ್ತಿದ್ದನಪ್ಪಾ" ಅಂದೆ. "ದಾವಲಂದು ಮುಗೀಲಿ ಅಂತ ಕಾಯಾಕತ್ತಿದ್ದ. ನಮ್ಮ ಸಾಲ್ಯಾಗ ಹಂಗ. ಪಂಗತಿಯೊಳಗ ಕಾಯೂದಿಲ್ಲೇನು, ಹಂಗ."

ರೇವಣಸಿದ್ಧ ಪರದೆ ನೋಡುತ್ತ ಕೂತ. "ಯಂತ್ರಕ್ಕ ಅದು ಗೊತ್ತಾಗೂದಿಲ್ರಿ" ಅಂದ. "ಪಕ್ಕದವನ್ನ ಮ್ಯಾಲಿಂದ ಮ್ಯಾಲ ನೋಡಿದ, ಆಮ್ಯಾಲ ಕೆಲಸ ಮುಗಿಸಿದ. ಅದರ ಲೆಕ್ಕದಾಗ ಅದು ನಕಲು. ಸ್ವಂತ ಧೈರ್ಯ ಇಲ್ಲದ ಹುಡುಗ ಅಂತ ನೆರವಿಗೆ ಹಾಕೇತಿ."

"ಹಂಗಾರ ಅದಕ್ಕ ಕಲಸ್ರಿ!"

"ರಾಜ್ಯಕ್ಕೆಲ್ಲ ಒಂದ ಲೆಕ್ಕ ಅಕ್ಕೋರ. ನನ್ನ ಕೈಯಾಗಿಲ್ಲ. ನಾನೂ ಮಠದ ಬೋರ್ಡಿಂಗಿನ ಪಂಗತಿಯೊಳಗ ಉಂಡು ಬೆಳದಾಂವ. ನನಗ ತಿಳೀತೈತಿ. ಯಂತ್ರಕ್ಕ ತಿಳೀಬೇಕಲ್ರಿ." ಸೋಮವಾರ ಬಂದು ಕಣ್ಣನ್ನು ತಾನೇ ಪರೀಕ್ಷೆ ಮಾಡುವುದಾಗಿ ಹೇಳಿ ಬಾಗಿಲ ತನಕ ಬಂದು ಕಳಿಸಿದ.

ಬಸ್ಸಿನಲ್ಲಿ ಕೂತು ಊರು ಮುಟ್ಟುವ ತನಕ ಒಂದೇ ಯೋಚನೆ. ಆಷಾಢದಲ್ಲಿ ಅಷ್ಟೊಂದು ನೋಡಿದ ಹುಡುಗರು ಮೊನ್ನೆ ಯಾಕೆ ನೋಡಲಿಲ್ಲ? ಮೊನ್ನೆಯೂ ಅವರು ಕಾದಿದ್ದರು. ನಾನು ಕೋಣೆಯಲ್ಲೇ ಇದ್ದೆ. ಎಲ್ಲ ರಾಟೆಗಳೂ ಒಟ್ಟಿಗೇ ತಿರುಗಿದ್ದವು, "ಹೋ" ಅಂತ ಕೂಗಿದ್ದರು. ಆ ಕಣ್ಣು ಕಂಡದ್ದನ್ನು ಕಂಡಿಲ್ಲ ಅನ್ನುತ್ತಿದೆಯಲ್ಲ, ಯಾಕೆ?

ಸೋಮವಾರ ರೇವಣಸಿದ್ಧ ಬಂದ. ಏಣಿ ಹಾಕಿ ಹತ್ತಿದ. ಹತ್ತಿದವನು ಮೇಲೆಯೇ ನಿಂತ.

"ಇದನ್ನ ಯಾರು ಮಾಡಿದ್ರಿ?"

"ಏನನ್ನ?" ಅಂದರು ಹಿರೇಮಠ ಸರ್, ಕೆಳಗಿನಿಂದ.

"ಗಾಜಿನ ಮ್ಯಾಲ ಕುಂಕುಮ ಐತ್ರಿ. ಎಣ್ಯಾಗ ಕಲಸಿ ಹಚ್ಯಾರ. ಸುತ್ತಲೂ ವಿಭೂತಿ. ಅಂಗೈಯಷ್ಟು ಅಗಲ ಐತಿ!"

"ಹೌದ್ರಿ ಮತ್ತ, ನಾನ ಹಚ್ಚೀನಿ" ಅಂದರು ಸರ್, ಹೆಮ್ಮೆಯಿಂದ. "ಖಂಡೇಪೂಜಿ ದಿವಸ. ಎಲ್ಲಾ ಯಂತ್ರಕ್ಕೂ ಹಚ್ಚಿ ಅದೊಂದಕ್ಕ ಹೆಂಗ ಬಿಡೂದ್ರಿ? ಎಲ್ಲಾಕ್ಕಿಂತ ದೊಡ್ಡದು ಅದ. ಹಣಿ ಯಾವದು ಅಂತ ಗೊತ್ತಾಗಲಿಲ್ಲ, ನಡುವ ಕಾಣೂದಿತ್ತಲ್ಲ, ಅಲ್ಲೇ ಹಚ್ಚಿದೆ."

"ಆಮ್ಯಾಲ ಒರಸಬಾರ್ದೇನ್ರಿ?"

"ಪೂಜಿ ಮಾಡಿದ ಕುಂಕುಮ ಒರಸ್ತಾರೇನ್ರಿ ಸಾಹೇಬ್ರ? ಅದಾಗೇ ಹೋಗಬೇಕು." ಸರ್ ನಿಜವಾಗಿಯೂ ಗಾಬರಿಯಾಗಿದ್ದರು.

ನೀವು ನಗಬಹುದು. ನಾನೂ ಆಮೇಲೆ ನಕ್ಕಿದ್ದೇನೆ. ಅವತ್ತು ಆರತಿ ಹಿಡಿದು ನಿಂತವಳು ನಾನು. ಹಾಲಿನವನಿಂದ ಹಿಡಿದು ಕಟ್ಟಿಕೊಂಡ ಗಂಡನ ತನಕ ಎಲ್ಲರ ಮೇಲೂ ಸಂಶಯ ಪಟ್ಟೆ, ದೇವರ ಕುಂಕುಮವೊಂದರ ಮೇಲೆ ಪಡಲಿಲ್ಲ. ಕುರುಡಾದ ಕಣ್ಣಿಗೆ ಯಾವ ನೋಟವೂ ಸಿಗದೆ, ಹುಡುಗರು ಎತ್ತಲೂ ನೋಡಲೇ ಇಲ್ಲ ಅಂತ ಅದು ಲೆಕ್ಕ ಹಾಕಿತ್ತು. ಏಣಿಯ ಮೇಲಿದ್ದ ರೇವಣಸಿದ್ಧ ನನ್ನ ಕಡೆ ಒಮ್ಮೆ ನೋಡಿದ. ಒರೆಸಲು ಅವನಿಗೂ ಮನಸ್ಸಿರಲಿಲ್ಲ ಅಂತ ನನಗೆ ಅನಿಸಿತು. ಆದರೂ ಜೇಬಿನಿಂದ ಬಟ್ಟೆ ತೆಗೆದು ಒರೆಸಿದ. ಕಪ್ಪು ಗಾಜು ಮತ್ತೆ ಥಳಥಳ ಅಂತು.

"ಮೊನ್ನೀ ಅಳತಿ ರದ್ದಾತ್ರಿ" ಅಂದ, ಇಳಿದು ಬಂದು. "ನಾಳೆ ನನ್ನ ಮುಂದ ಮತ್ತ ಮಾಡಬೇಕು. ಮೊದಲಿನ ಎರಡೂ ಅಳತಿ ಕೆಟ್ಟ ಬಂದ್ರ ಮೂರನೇದಕ್ಕ ಅರ್ಥ ಇಲ್ಲ, ಅಲ್ಲಿಗೇ ಸಾಲು ಕಾಯಂ."

ಅಂದರೆ ನಾಳೆಯೇ ಎಲ್ಲ.

ಸಂಜೆ ರೊಟ್ಟಿ ಬಡಿಯುತ್ತ ನಮ್ಮ ಮನೆಯವರಿಗೆ ಎಲ್ಲ ಹೇಳಿದೆ. ಮುತ್ತು ಹೊಸ್ತಿಲ ಮೇಲೆ ಡಬ್ಬಿ ಇಟ್ಟುಕೊಂಡು ಒಂದು ಸ್ಪ್ರಿಂಗು ನೆಟ್ಟಗೆ ಮಾಡುತ್ತಿದ್ದ.

"ಅಂವಾ ಹೆಂಗದಾನ ಹಂಗ ಇರಲಿ ಬಿಡ" ಅಂದರು ಅವರು. "ಗೆಳ್ಯಾನ ಸಲುವಾಗಿ ಕಾದ್ರ ತಪ್ಪೇನು?"

"ತಪ್ಪಿಲ್ಲ. ಆದ್ರ ನಾಳೆ ನೆರವು ಅಂತ ಬಂದ್ರ, ಮುಂದ ಯಾರೂ ಅವನ ಕೈಯಾಗ ಒಂದು ಸ್ಕ್ರೂಡ್ರೈವರ್ ಕೊಡೂದಿಲ್ಲ. ಆ ಡಬ್ಬಿ ಮತ್ತ ಮಂಚದ ಕೆಳಗ ಹೋಕ್ಕೈತಿ. ಅದನ್ನ ನೋಡಾಕ ನಿಮ್ಮ ಕೈಲಿ ಆಗ್ತೈತೇನು? ನನ್ನ ಕೈಲಿ ಆಗೂದಿಲ್ಲ."

ನಾನು ಕೈ ತೊಳೆದು ಹೊಸ್ತಿಲಿಗೆ ಹೋಗಿ ಮಗನ ಪಕ್ಕ ಕೂತೆ.

"ಮುತ್ತು, ನಾಳೆ ಅಳತಿಯೊಳಗ ಯಾರನೂ ನೋಡಬ್ಯಾಡ. ತಲಿ ಎತ್ತಬ್ಯಾಡ. ನಿಂದು ನೀ ಮುಗಿಸಿಬಿಡು."

"ದಾವಲಂದು ಆಗಿರಲಿಲ್ಲಂದ್ರ?"

"ಅಂವಂದು ಅಂವಾ ಮಾಡ್ಕೋತಾನ."

"ಸ್ಕ್ರೂ ಬಿದ್ರ ಅಂವಗ ಸಿಗೂದಿಲ್ಲವ್ವಾ."

"ಸಿಗದಿದ್ರ ಸಿಗದೇ ಹೋಗ್ಲಿ. ಆ ಕಣ್ಣು ಅದನ್ನ ನಕಲು ಅಂತೈತಿ. ತಿಳೀತೋ ಇಲ್ಲೋ?"

ಮುತ್ತು ಸ್ಪ್ರಿಂಗನ್ನು ಬೆರಳಿಗೆ ಸುತ್ತಿಕೊಂಡ, ಬಿಚ್ಚಿದ. "ಇದನ್ನ ಅವ್ವ ಹೇಳಾಕತ್ತಾಳೋ, ಅಕ್ಕೋರು ಹೇಳಾಕತ್ತಾರೋ?" ಅಂದ.

ಹುಡುಗ ಚೇಷ್ಟೆಗೆ ಕೇಳುತ್ತಿರಲಿಲ್ಲ. ಅವ್ವ ಹೇಳಿದ್ದಾದರೆ ಮನೆಯ ಮಾತು, ಅವನೊಬ್ಬನಿಗೆ. ಅಕ್ಕೋರು ಹೇಳಿದ್ದಾದರೆ ಅದು ಪಾಠ. ಆ ವ್ಯತ್ಯಾಸ ನನಗೆ ಆಗ ಹೊಳೆಯಲಿಲ್ಲ. ರೊಟ್ಟಿ ಹಂಚಿನ ಮೇಲೆ ಸೀಯುತ್ತಿತ್ತು.

"ಇಬ್ರೂ" ಅಂತ ಹೇಳಿ ಎದ್ದೆ.

ಮರುದಿನ ಕೆಲಸ ಮತ್ತೆ ಸೇತುವೆಯದೇ. ರೇವಣಸಿದ್ಧ ಮೂಲೆಯಲ್ಲಿ ಕುರ್ಚಿ ಹಾಕಿಕೊಂಡು ಕೂತ, ಹಿರೇಮಠ ಸರ್ ಬಾಗಿಲಲ್ಲಿ ಅಪರಾಧಿಯ ಹಾಗೆ ನಿಂತರು. ನಾನು ಶುರು ಮಾಡ್ರಿ ಅಂದೆ.

ತಲೆಗಳು ಬಗ್ಗಿದವು. ಮುತ್ತುವಿನ ತಲೆಯಷ್ಟೇ ಅಲ್ಲ, ಎಲ್ಲ ತಲೆಗಳೂ ಒಂದೇ ಸಲಕ್ಕೆ, ಗಲ್ಲ ಎದೆಗೆ ತಾಗುವ ಹಾಗೆ. ನನಗೆ ಕ್ಷಣ ತಿಳಿಯಲಿಲ್ಲ. ಆಮೇಲೆ ನೆನಪಾಯಿತು. ಬೆಳಿಗ್ಗೆ ಪ್ರಾರ್ಥನೆಗೆ ಮೊದಲು ಮುತ್ತು ಹುಡುಗರನ್ನೆಲ್ಲ ಪಂಪಿನ ಹತ್ತಿರ ಕೂಡಿಸಿಕೊಂಡು ಏನೋ ಹೇಳುತ್ತಿದ್ದುದನ್ನು ನಾನು ಕಂಡಿದ್ದೆ. ಅಕ್ಕೋರ ಪಾಠವನ್ನು ತಾನೊಬ್ಬನೇ ಇಟ್ಟುಕೊಳ್ಳುವ ಹುಡುಗನೇ ಅವನು? ಹಂಚಿಬಿಟ್ಟಿದ್ದ.

ಆ ಕೋಣೆಯಲ್ಲಿ ಎಂದೂ ಅಂಥ ಮೌನ ಇರಲಿಲ್ಲ. ಯಾರೂ ಪಿಸುಗುಡಲಿಲ್ಲ, ಯಾರೂ ನಗಲಿಲ್ಲ. ದಾವಲನ ಸ್ಕ್ರೂ ಬಿತ್ತು. ಟಣ್ ಅಂದದ್ದು ಎಲ್ಲರಿಗೂ ಕೇಳಿತು. ಉರುಳಿ ಬಂದು ಮುತ್ತುವಿನ ಬರಿಗಾಲಿಗೆ ತಾಗಿ ನಿಂತಿತು. ಮುತ್ತು ಕಾಲನ್ನು ಹಿಂದಕ್ಕೆ ಎಳೆದುಕೊಂಡ, ತಲೆ ಎತ್ತಲಿಲ್ಲ. ದಾವಲನೂ ಅವನ ಕಡೆ ನೋಡಲಿಲ್ಲ. ಮೇಜಿನ ಕೆಳಗೆ ಕೈ ಬಿಟ್ಟು ತಡಕಾಡಿದ, ಸಿಗಲಿಲ್ಲ, ಮತ್ತೆ ತಡಕಾಡಿದ. ನಾನು ಒಂದು ಹೆಜ್ಜೆ ಮುಂದಿಟ್ಟೆ. ರೇವಣಸಿದ್ಧ ಬೇಡ ಅನ್ನುವ ಹಾಗೆ ಕೈ ಮಾಡಿದ. ನಾನು ಮುಟ್ಟಿದರೆ ಅಳತೆ ಕೆಡುತ್ತದೆ.

ಮುತ್ತುವಿನ ದೀಪ ಹತ್ತಿತು. ಒಂದೇ ದೀಪ. ಆಮೇಲೆ ಆ ಮೂಲೆಯಲ್ಲಿ ಇನ್ನೊಂದು. ಸ್ವಲ್ಪ ಹೊತ್ತಿಗೆ ಇನ್ನೊಂದು. ಯಾರೂ "ಹೋ" ಅನ್ನಲಿಲ್ಲ. ದೀಪ ಹತ್ತಿಸಿದವನು ತನ್ನ ದೀಪವನ್ನೇ ನೋಡುತ್ತ ಕೂತಿದ್ದ. ಗಂಟೆ ಬಾರಿಸಿದಾಗ ದಾವಲನ ದೀಪ ಹತ್ತಿರಲಿಲ್ಲ.

ತೀರ್ಪು ಅಲ್ಲೇ ಬಂತು. ಮುತ್ತು ಕಟ್ಟುವವರ ಸಾಲಿಗೆ, ಎಲ್ಲರಿಗಿಂತ ಮೇಲೆ. ಹೆಚ್ಚಿನ ಹುಡುಗರು ದಾಟಿದ್ದರು. ದಾವಲ ನೆರವಿಗೆ. ರೇವಣಸಿದ್ಧ ನನ್ನ ಹತ್ತಿರ ಬಂದು, "ಈ ಸಲ ಕಣ್ಣು ಬರೋಬ್ಬರಿ ಇತ್ರಿ ಅಕ್ಕೋರ. ಕೆಂಪು ಗೆರಿ ಒಂದೂ ಇಲ್ಲ, ಖರೇನ ಇಲ್ಲ" ಅಂದ. ಅವನ ದನಿಯಲ್ಲಿ ಸಂತೋಷ ಇರಲಿಲ್ಲ. ಏನು ಹೇಳಿಕೊಟ್ಟಿರಿ ಅಂತ ಅವನು ಕೇಳಲಿಲ್ಲ, ಕೇಳಿದ್ದರೆ ಒಳ್ಳೆಯದಿತ್ತು. ಚಹಾ ಕುಡಿಯದೆ ಹೊರಟುಹೋದ.

ನನ್ನ ಮಗ ಗೆದ್ದ. ಡಬ್ಬಿ ಇನ್ನು ಮಂಚದ ಕೆಳಗೆ ಹೋಗುವುದಿಲ್ಲ. ನಾನು ಬೇಡಿಕೊಂಡದ್ದು ಇದನ್ನೇ. ದಾವಲನ ಅಪ್ಪನಿಗೆ ಸಂತೆಯಲ್ಲಿ ಹೇಗೆ ಮುಖ ತೋರಿಸಲಿ ಅಂದುಕೊಳ್ಳುತ್ತಲೇ, ಮಗ ಗೆದ್ದ ಅಂತ ಮನಸ್ಸು ಕುಣಿಯುತ್ತಿತ್ತು. ಎರಡೂ ಒಟ್ಟಿಗೇ ಆಗುತ್ತವೆ, ತಾಯಿಗೆ.

ಮಧ್ಯಾಹ್ನ ಬಿಸಿಯೂಟ. ಪಡಸಾಲೆಯಲ್ಲಿ ಹುಡುಗರು ಸಾಲಾಗಿ ಕೂತರು. ಅಡಿಗೆಯ ಹನುಮವ್ವ ಬೋಗುಣಿ ಸೊಂಟಕ್ಕಿಟ್ಟುಕೊಂಡು ಈ ತುದಿಯಿಂದ ಬಡಿಸುತ್ತ ಹೊರಟಳು. ಹಿರೇಮಠ ಸರ್ ಎಂದಿನ ಹಾಗೆ ಕಂಬದ ಹತ್ತಿರ ಕಣ್ಣು ಮುಚ್ಚಿ ನಿಂತರು, ಕೊನೆಯ ತಟ್ಟೆ ತುಂಬಿದ ಮೇಲೆ ಶ್ಲೋಕ ಹೇಳಿಸಲು.

ಐದನೇ ಇಯತ್ತೆಯ ಸಾಲಿನಲ್ಲಿ ಮೊದಲು ಕೂತವನು ಮುತ್ತು. ಅನ್ನ ಬಿತ್ತು, ಸಾರು ಬಿತ್ತು. ಮುತ್ತು ಉಣ್ಣತೊಡಗಿದ.

ಅವನ ಪಕ್ಕದವನ ತಟ್ಟೆಗೂ ಬಿತ್ತು, ಅವನೂ ಉಣ್ಣತೊಡಗಿದ. ಆಮೇಲಿನವನೂ. ಹನುಮವ್ವ ಮುಂದೆ ಹೋದ ಹಾಗೆ ಹಿಂದೆ ಒಬ್ಬೊಬ್ಬರೇ ತಲೆ ತಗ್ಗಿಸಿ ಉಣ್ಣುತ್ತ ಬಂದರು. ಸಣ್ಣ ಇಯತ್ತೆಯ ಹುಡುಗರು ಕೈ ತೊಡೆಯ ಮೇಲಿಟ್ಟುಕೊಂಡು ಇವರನ್ನು ಬಿಟ್ಟ ಕಣ್ಣು ಬಿಟ್ಟ ಹಾಗೆ ನೋಡುತ್ತಿದ್ದರು. ಸಾಲಿನ ಕೊನೆಯಲ್ಲಿ ದಾವಲ, ಖಾಲಿ ತಟ್ಟೆಯ ಮುಂದೆ.

"ಏ, ಏನ್ ಬಂತ್ರೋ ನಿಮಗ? ದಾವಲಗ ಇನ್ನೂ ನೀಡಿಲ್ಲ!" ಅಂದಳು ಹನುಮವ್ವ, ಸೌಟು ಎತ್ತಿ ಹಿಡಿದು. ಯಾರೂ ಅವಳ ಕಡೆ ನೋಡಲಿಲ್ಲ. ಹಿರೇಮಠ ಸರ್ ಕಣ್ಣು ತೆರೆದರು. ಬೈಯಲು ಬಾಯಿ ತೆಗೆದವರು ಬೈಯಲಿಲ್ಲ, ನನ್ನ ಕಡೆ ನೋಡಿದರು.

ನಾನು ಪಡಸಾಲೆಯ ತೊಲೆ ನೋಡಿದೆ. ಯಾರಾದರೂ ನನಗೆ ಹೇಳದೆ ಇಲ್ಲಿಯೂ ಒಂದು ಕಣ್ಣು ತೂಗುಹಾಕಿದ್ದಾರೋ ಅಂತ, ಆ ತುದಿಯಿಂದ ಈ ತುದಿಯ ತನಕ ನೋಡಿದೆ. ಗುಬ್ಬಿಯ ಗೂಡು ಬಿಟ್ಟರೆ ಏನೂ ಇರಲಿಲ್ಲ.

ಮಗನ ಹತ್ತಿರ ಹೋಗಿ ಕುಕ್ಕರಗಾಲಿನಲ್ಲಿ ಕೂತೆ. ಗೇಟಿನ ಒಳಗೆ ಅನ್ನುವುದನ್ನೂ ಮರೆತು, "ಮುತ್ತು, ನನ್ನ ಕೂಸ, ಇಲ್ಲಿ ಆ ಕಣ್ಣಿಲ್ಲ. ಇಲ್ಲಿ ನೋಡಬಹುದಪ್ಪಾ" ಅಂದೆ.

ಅವನು ತುತ್ತು ಕಲಸುತ್ತ, "ಹೌದ್ರಿ ಅಕ್ಕೋರ" ಅಂದ. ತಲೆ ಎತ್ತಲಿಲ್ಲ.